ಹೊಳೆಯಾಚೆಯ ಗಾಜಿನಂಗಡಿ

ಕಳೆದ ತಿಂಗಳು ಬಾಡದಲ್ಲಿರುವ ತಂಗಿಯ ಮನೆಗೆ ಹೋಗಬೇಕಿತ್ತು. ಅವಳ ಮಗಳು ಸಹನಾ ಕುಮಟೆಯ ಬಸ್ ಸ್ಟ್ಯಾಂಡಿಗೇ ಕಾರು ತಂದಿದ್ದಳು. ಸಣ್ಣಗೆ ಮಳೆ ಬೀಳುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಏರಿಸಿದ್ದಳು. ನಾನು ಒಳಗೆ ಕೂತು ಬಾಗಿಲು ಎಳೆದುಕೊಂಡ ಕೂಡಲೇ ಆ ವಾಸನೆ ಮೂಗಿಗೆ ಬಂತು. ಕಾರಿನ ಮುಂದಿನ ಗಾಜು ಕೂರಿಸಲು ಹಚ್ಚುವ ಕಪ್ಪು ಗೋಂದಿನ ಘಾಟು. ಒಂದು ಕಾಲದಲ್ಲಿ ನನ್ನ ಸೀರೆಯಲ್ಲಿ, ಕೂದಲಲ್ಲಿ, ಊಟದ ಡಬ್ಬಿಯಲ್ಲಿ ಕೂಡ ಇದ್ದ ವಾಸನೆ ಅದು.

"ಗಾಜು ಹೊಸದಾ?" ಎಂದೆ.

"ಹೌದು ದೊಡ್ಡಮ್ಮ. ಟಿಪ್ಪರಿಂದ ಕಲ್ಲು ಹಾರಿ ಬಂತು. ಇನ್ಶೂರೆನ್ಸಿನವ್ರಿಗೆ ಮೊಬೈಲಲ್ಲೇ ಹೇಳ್ದೆ. ಮನೆ ಬಾಗ್ಲಿಗೇ ವ್ಯಾನು ಬಂತು, ಗಾಜು ಹಾಕ್ದ್ರು, ಹೋದ್ರು. ನಂಗೆ ಎಂತದೂ ತ್ರಾಸಾಗ್ಲಿಲ್ಲ. ನಿಮ್ ಕಾಲದಾಂಗೆ ಅಂಗ್ಡಿ ಹುಡ್ಕೂದೆಲ್ಲ ಈಗ ಇಲ್ಲ."

ಅವಳು ಹೇಳಿದ ನನ್ನ ಕಾಲ ಮುಗಿದು ತುಂಬ ವರ್ಷವೇನೂ ಆಗಿಲ್ಲ. ಬಾಡ ತಲುಪುವವರೆಗೂ ಹೊಸ ಗಾಜಿನ ಮೇಲೆ ವೈಪರು ಆಚೀಚೆ ಓಡುವುದನ್ನು ನೋಡುತ್ತಾ ಕೂತೆ. ಮನಸ್ಸು ಹೊನ್ನಾವರದ ನಮ್ಮ ಅಂಗಡಿಯ ಒಂದು ಮಳೆಗಾಲಕ್ಕೆ ಹೋಗಿಬಿಟ್ಟಿತ್ತು. ಆ ಮಳೆಗಾಲವನ್ನು ನೆನೆದಾಗಲೆಲ್ಲ ನನಗೆ ಉಸ್ಮಾನ್ ಭಾಯಿಯ ಮುಖ ಕಾಣುತ್ತದೆ. ಕಂಡ ಕೂಡಲೇ ತಲೆ ತಗ್ಗಿಸಬೇಕು ಅನ್ನಿಸುತ್ತದೆ.

ನಮ್ಮವರ ಹೆಸರು ಗಣಪತಿ. ಹೊಳನಗದ್ದೆಯವರು. ಮದುವೆಗೆ ಮೊದಲು ಹುಬ್ಬಳ್ಳಿಯಲ್ಲಿ ವಾಹನಗಳ ಗಾಜು ಕೂರಿಸುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಕಲಿತಿದ್ದರು. ಅಲ್ಲಿ ಅವರ ಜೊತೆಗೇ ಕಲಿತವರು ಭಟ್ಕಳದ ಉಸ್ಮಾನ್. ಇಬ್ಬರೂ ಒಂದೇ ಖೋಲಿಯಲ್ಲಿದ್ದು, ಒಂದೇ ಸ್ಟೋವಿನಲ್ಲಿ ಅನ್ನ ಬೇಯಿಸಿಕೊಂಡವರು. ಊರಿಗೆ ಮರಳಿದ ಮೇಲೆ ನಮ್ಮವರು ಹೊನ್ನಾವರದ ಹೆದ್ದಾರಿ ಬದಿಯಲ್ಲಿ ಅಂಗಡಿ ಹಾಕಿದರು, ಉಸ್ಮಾನ್ ಭಾಯಿ ಭಟ್ಕಳದಲ್ಲಿ. ಶರಾವತಿ ಸೇತುವೆಯಿಂದ ಈಚೆಗಿನ ಗಿರಾಕಿಗಳು ನಮಗೆ, ಆಚೆಗಿನವರು ಅವರಿಗೆ. ಹಾಗೆಂದು ಯಾರೂ ಕೂತು ಮಾತಾಡಿಕೊಂಡದ್ದಲ್ಲ, ತಾನಾಗಿ ನಡೆದುಬಂದದ್ದು. ಹುಬ್ಬಳ್ಳಿಯಿಂದ ಗಾಜು ತರುವ ಟೆಂಪೋ ಒಂದೇ. ನಮ್ಮಲ್ಲಿ ಇಲ್ಲದ ಗಾಜು ಅವರಲ್ಲಿದ್ದರೆ ಸಂಜೆಯೊಳಗೆ ಯಾವುದಾದರೂ ಗೂಡ್ಸ್ ರಿಕ್ಷಾದಲ್ಲಿ ಬರುತ್ತಿತ್ತು. ಚೌತಿಗೆ ಅವರ ಮನೆಯವರೆಲ್ಲ ಹೊಳನಗದ್ದೆಗೆ ಬಂದು ಚೌತಿಯ ಮೂರ್ತಿ ನೋಡಿ, ಕಾಯಿಕಡುಬು ತಿಂದು ಹೋಗುವರು. ಈದಿಗೆ ನಾವು ಅಲ್ಲಿಗೆ. ಅವರ ಹೆಂಡತಿ ಶಮೀಮಾ ನನಗೆ ಅವರ ಮನೆಮಾತು ನವಾಯತಿಯಲ್ಲಿ ನಾಲ್ಕು ಮಾತು ಕಲಿಸಿದ್ದಳು.

ಆಗಿನ ವಿಮೆಯ ಕ್ರಮ ಬೇರೆ. ಗಾಜು ಒಡೆದವರು ತಮಗೆ ಬೇಕಾದ ಅಂಗಡಿಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ಹಾಕಿಸಿಕೊಂಡು, ಆಮೇಲೆ ನಮ್ಮ ಬಿಲ್ಲನ್ನು ಕಂಪನಿಗೆ ಕಳಿಸಿ ವಾಪಸು ಪಡೆಯಬೇಕಿತ್ತು. ಕಂಪನಿಯವರು ಗಾಜಿಗೆ ಕೊಟ್ಟರೆ ರಬ್ಬರಿಗೆ ಕೊಡುವುದಿಲ್ಲ, ರಬ್ಬರಿಗೆ ಕೊಟ್ಟರೆ ಗೋಂದಿಗೆ ಇಲ್ಲ. ಅಲ್ಲಿ ಕಡಿಮೆ ಬಂದದ್ದಕ್ಕೆ ಗಿರಾಕಿಗಳು ಸಿಟ್ಟು ತೀರಿಸಿಕೊಳ್ಳುತ್ತಿದ್ದದ್ದು ನಮ್ಮ ಹತ್ತಿರ. "ನೀವೂ ಕಂಪನಿಯವ್ರೂ ಒಂದೇ" ಎಂದು ಬೈದು ಹೋದವರೂ ಇದ್ದಾರೆ. ಆದರೆ ಕಂಪನಿಯವರಿಗೆ ನಾವು ಯಾರೆಂದೇ ಗೊತ್ತಿರಲಿಲ್ಲ. ಅವರ ಕಣ್ಣಿಗೆ ನಾವು ಬಿಲ್ಲಿನ ಮೇಲಿನ ಒಂದು ಮುದ್ರೆ, ಅಷ್ಟೇ.

ಆ ವರ್ಷ ಹೆದ್ದಾರಿ ಅಗಲ ಮಾಡುವ ಕೆಲಸ ಜೋರಾಗಿತ್ತು. ಕುಮಟೆಯಿಂದ ಭಟ್ಕಳದವರೆಗೆ ಎಲ್ಲಿ ನೋಡಿದರೂ ಗುಡ್ಡ ಕಡಿದು ಕೆಂಪು ಮಣ್ಣು ತೆರೆದುಕೊಂಡಿತ್ತು. ಜಲ್ಲಿ ತುಂಬಿದ ಟಿಪ್ಪರುಗಳು ಹಗಲೆಲ್ಲ ಓಡುತ್ತಿದ್ದವು. ಹಾರಿದ ಕಲ್ಲೆಲ್ಲ ಯಾರದೋ ಗಾಜಿಗೇ ಬೀಳುತ್ತಿತ್ತು. ಇಷ್ಟೊಂದು ಗಾಜು ಒಡೆಯುವುದನ್ನು ಕಂಡೇ ಇರಬೇಕು, ಮಳೆಗಾಲ ಶುರುವಾಗುವ ಮೊದಲು ವಿಮಾ ಕಂಪನಿಯೊಂದರಿಂದ ಪಾಟೀಲ ಎನ್ನುವ ಅಧಿಕಾರಿ ನಮ್ಮ ಅಂಗಡಿಗೆ ಬಂದರು. ಹುಬ್ಬಳ್ಳಿ ಕಡೆಯವರು. ನಮ್ಮ ಸೀಮೆಯ ಕಾರುಗಳಲ್ಲಿ ಹೆಚ್ಚಿನವಕ್ಕೆ ಅವರದೇ ಕಂಪನಿಯ ವಿಮೆ.

"ಕ್ಯಾಶ್‌ಲೆಸ್ ಮಾಡಾಕತ್ತೀವ್ರಿ ಮೇಡಂ," ಎಂದರು. "ಗಿರಾಕಿ ಕೈಯಿಂದ ರೊಕ್ಕ ಕೊಡೂದಿಲ್ಲ. ನೀವು ಗಾಜು ಹಾಕ್ರಿ, ಫೋಟೋ ಕಳಸ್ರಿ, ನಿಮಗ ನಾವ ಕೊಡ್ತೀವಿ. ಆದ್ರ ಭಟ್ಕಳದಿಂದ ಕುಮಟಾ ತನಕ ಒಂದಾ ಅಂಗಡಿ ತಗೋಬೇಕಂತ ಆರ್ಡರ್ ಐತ್ರಿ."

ನಾನು ಮದುವೆಗೆ ಮೊದಲು ಕುಮಟೆಯ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿದವಳು. ಅಂಗಡಿಯ ಬಿಲ್ಲು, ಲೆಕ್ಕ, ಫೋನು ಎಲ್ಲ ನನ್ನದೇ. ಪಾಟೀಲರು ತಮ್ಮ ಕಂಪನಿಯ ಆ್ಯಪನ್ನು ನನ್ನ ಮೊಬೈಲಿಗೆ ಹಾಕಿಸಿ, ಹೊರಗೆ ನಿಂತಿದ್ದ ಕಾರೊಂದರ ಫೋಟೋ ತೆಗೆದು ಕಳಿಸಲು ಹೇಳಿದರು. ಕಳಿಸಿದೆ. ಬಿಲ್ಲು ಮಾಡಲು ಹೇಳಿದರು. ಚಹಾ ಆರುವ ಮೊದಲೇ ಮಾಡಿ ತೋರಿಸಿದೆ.

"ಮುಗೀತ್ರಿ," ಎಂದು ಅವರು ನಕ್ಕರು. "ಭಟ್ಕಳದಾಗ ಒಬ್ಬರನ್ನ ನೋಡಿ ಬಂದೆ. ಕೆಲಸ ಭಾಳ ಚಲೋ ಐತಿ. ಆದ್ರ ಮೇಲ್ ಕಳಸ್ರಿ ಅಂದ್ರ ಮೈಲು ಅಂದ್ರೇನ್ರಿ ಅಂದ್ರು."

ನಾನೂ ನಕ್ಕೆ. ನಗಬಾರದಿತ್ತು.

ಪಾಟೀಲರು ಹೋದ ಮೇಲೆ ನಮ್ಮವರು ಕೈ ಒರೆಸಿಕೊಳ್ಳುತ್ತಾ ಬಂದು, "ಭಟ್ಕಳದಾಗೆ ನೋಡಿದ್ದು ಯಾರನ್ನ? ಉಸ್ಮಾನನ್ನಾ?" ಎಂದು ಕೇಳಿದರು. ಮತ್ತೆ ಯಾರಿರಲು ಸಾಧ್ಯ? ಅವತ್ತೇ ಸಂಜೆ ಫೋನು ಮಾಡಿದರು. ಉಸ್ಮಾನ್ ಭಾಯಿಯ ದೊಡ್ಡ ದನಿ ನನಗೂ ಕೇಳುತ್ತಿತ್ತು.

"ಒಳ್ಳೇದಾಯ್ತಲ್ಲ ಮಾರಾಯ. ಯಾರೋ ಮೂರನೆಯವ್ರಿಗೆ ಹೋಗೂದಕ್ಕಿಂತ ನಮ್ಮಲ್ಲೇ ಒಬ್ರಿಗೆ ಆಯ್ತು. ಭಾಬಿಗೆ ಮುಬಾರಕ್ ಹೇಳು. ಅವ್ರದ್ದೇ ಎಲ್ಲ ಹುಷಾರಿ."

ಆ ಮಾತನ್ನು ಅವರು ಮನಸಾರೆ ಹೇಳಿದ್ದು. ನನಗೆ ಮಾತ್ರ ಅದು ಆಮೇಲೆ ಬೇರೆ ರೀತಿ ಕೇಳಿಸತೊಡಗಿತು.

ಮಳೆ ಹಿಡಿಯಿತು. ಹೊಳೆ ಕೆಂಪಗೆ ತುಂಬಿತು. ಅಂಗಡಿಯ ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಫೋನಿನಲ್ಲಿ ಕಿರುಚಬೇಕಾಗುತ್ತಿತ್ತು. ಆ ಮಳೆಯಲ್ಲಿ ಸೇತುವೆ ದಾಟಿಕೊಂಡು ಕಾರುಗಳು ಬರತೊಡಗಿದವು. ಶಿರಾಲಿಯವರು, ಮುರ್ಡೇಶ್ವರದವರು, ಭಟ್ಕಳದವರು. ಒಡೆದ ಗಾಜಿಗೆ ಪ್ಲಾಸ್ಟಿಕ್ ಅಂಟಿಸಿಕೊಂಡು, ಉಸ್ಮಾನ್ ಭಾಯಿಯ ಅಂಗಡಿಯ ಮುಂದಿನಿಂದಲೇ ಹಾದು, ಇಷ್ಟು ದೂರ. ಕಂಪನಿಯ ನಂಬರಿಗೆ ಫೋನು ಮಾಡಿದರೆ ಒಂದು ಹೆಣ್ಣುದನಿ ನಮ್ಮ ಅಂಗಡಿಯ ಹೆಸರನ್ನಷ್ಟೇ ಹೇಳುತ್ತಿತ್ತಂತೆ. ಬೇರೆ ಕಡೆ ಹಾಕಿಸಬಹುದಾ ಎಂದು ಕೇಳಿದವರಿಗೆ, ಹಾಕಿಸಿ, ಆದರೆ ಗಾಜಿನ ಸಂದಿಯಿಂದ ನೀರು ಸೋರಿದರೆ ನಾವು ಜವಾಬ್ದಾರರಲ್ಲ ಎನ್ನುತ್ತಿತ್ತಂತೆ. ಉಸ್ಮಾನ್ ಭಾಯಿ ಕೂರಿಸಿದ ಗಾಜು ಸೋರಿದ್ದನ್ನು ನಾನಂತೂ ಕೇಳಿದವಳಲ್ಲ.

ಒಂದು ದಿನ ಅವರೇ ಫೋನು ಮಾಡಿದರು. "ಭಾಬಿ, ಒಂದು ಬಿಳಿ ಕಾರು ಬರ್ತದೆ. ಇಲ್ಲಿಯ ಡಾಕ್ಟ್ರಮ್ಮಂದು. ನಂಗೆ ಮೊದ್ಲಿಂದ ಪರಿಚಯ. ಅವ್ರಿಗೆ ಸಂಜೆ ಆಸ್ಪತ್ರೆಗೆ ಹೋಗ್ಬೇಕು, ಕಾಯಿಸ್ಬೇಡಿ ಅಂತ ಗಣಪತಿಗೆ ಹೇಳಿ."

ಆ ಡಾಕ್ಟರು ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು, "ಉಸ್ಮಾನ್ ಹತ್ರಾನೇ ಹಾಕ್ಸ್ಬೇಕು ಅಂತಿದ್ದೆ. ಅವ್ರೇ ಬೇಡ ಅಂದ್ರು. ನಿಮ್ಗೆ ಸುಮ್ನೆ ಎಂತಕ್ಕೆ ಕಂಪನಿ ಜೊತೆ ಜಗಳ, ಹೊನ್ನಾವರಕ್ಕೆ ಹೋಗಿ ಅಂದ್ರು" ಎಂದರು. ನಾನು ಅವರಿಗೆ ಚಹಾ ತರಿಸಿಕೊಟ್ಟೆ. ತನ್ನ ಗಿರಾಕಿಗಳನ್ನು ತಾನೇ ನಮ್ಮ ಕಡೆ ಕಳಿಸುತ್ತಿದ್ದಾರಲ್ಲ, ಆ ಅಂಗಡಿಯಲ್ಲಿ ಈಗ ಹಗಲು ಹೇಗೆ ಕಳೆಯುತ್ತಿರಬಹುದು ಎಂಬ ಯೋಚನೆ ಬಿಡಲಿಲ್ಲ. ನಮ್ಮಲ್ಲಿ ಊಟಕ್ಕೆ ಕೂರಲು ಪುರುಸೊತ್ತಿರಲಿಲ್ಲ. ನಮ್ಮವರ ಬೆರಳ ಸಂದಿಯ ಕಪ್ಪು ಗೋಂದು ಭಾನುವಾರವೂ ಹೋಗುತ್ತಿರಲಿಲ್ಲ. ಆದರೂ ಮನೆಯಲ್ಲಿ ಅವರು ಖುಷಿಯಿಂದ ಮಾತಾಡಿದ್ದು ನೆನಪಿಲ್ಲ.

"ಭಟ್ಕಳದ ಕಾರನ್ನ ಉಸ್ಮಾನನೇ ಮಾಡ್ಲಿ. ಬಿಲ್ಲು ನಮ್ ಹೆಸ್ರಲ್ಲಿ ಹಾಕಿ ಅವಂಗೇ ಕೊಟ್ರಾತು," ಎಂದರು ಒಮ್ಮೆ. ನನಗೂ ಅದೇ ಸರಿ ಅನ್ನಿಸಿತ್ತು. ಆದರೆ ಕಂಪನಿಯ ಆ್ಯಪು ಫೋಟೋ ತೆಗೆದ ಜಾಗವನ್ನೂ ನೋಡುತ್ತಿತ್ತು. ನಮ್ಮ ಅಂಗಡಿಯಿಂದ ಆಚೆ ತೆಗೆದರೆ ಫೋಟೋ ಹೋಗುತ್ತಲೇ ಇರಲಿಲ್ಲ. ಪಾಟೀಲರಿಗೆ ಫೋನು ಮಾಡಿ, ಅವರನ್ನೂ ಸೇರಿಸಿಕೊಳ್ಳಿ, ಕಂಪ್ಯೂಟರ್ ಕೆಲಸ ನಾನೇ ಮಾಡಿಕೊಡುತ್ತೇನೆ ಎಂದು ಕೇಳಿಕೊಂಡೆ. "ಮ್ಯಾಲೆ ಹೇಳಿ ನೋಡ್ತೀನ್ರಿ" ಎಂದರು. ಪ್ರತಿ ಸಲ ಕೇಳಿದಾಗಲೂ ಅದನ್ನೇ ಹೇಳಿದರು.

ಆಷಾಢದ ಒಂದು ಬೆಳಿಗ್ಗೆ ಹೊಳೆಯಾಚೆ, ಮುರ್ಡೇಶ್ವರಕ್ಕಿಂತ ಈಚೆಗೆ, ಹೆದ್ದಾರಿಗೆಂದು ಕಡಿದಿದ್ದ ಗುಡ್ಡ ಜಾರಿ ರಸ್ತೆಯ ಮೇಲೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ಭಟ್ಕಳದ ದಾರಿ ಪೂರ್ತಿ ಬಂದ್. ಅದೇ ದಿನ ಮುರ್ಡೇಶ್ವರದ ಪಾವಲು ಎಂಬವರ ಫೋನು ಬಂತು. ಅವರದು ಸ್ವಂತ ಆಂಬ್ಯುಲೆನ್ಸು, ಒಂದು ಸಣ್ಣ ವ್ಯಾನು. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವುದು ಅವರ ಕೆಲಸ. ಗಾಳಿಗೆ ಮರದ ಕೊಂಬೆ ಮುರಿದು ವ್ಯಾನಿನ ಮುಂದಿನ ಗಾಜಿನ ಮೇಲೆ ಬಿದ್ದಿತ್ತು.

"ಗಾಜಿಲ್ದೆ ಈ ಮಳೇಲಿ ಹೆಂಗೆ ಗಾಡಿ ಹೊಡೀಲಿ ಅಕ್ಕ? ನಾಳೆ ಇಬ್ರನ್ನ ಕರ್ಕೊಂಡು ಹೋಗ್ಲೇಬೇಕು. ತಪ್ಸುವಂಗಿಲ್ಲ. ಕಂಪನಿಯವ್ರು ನಿಮ್ಮಲ್ಲಿಗೇ ಹೋಗು ಅಂತ್ರು. ರಸ್ತೆ ಬಂದಾಗ್ಯದೆ ಅಂದ್ರೆ, ರಸ್ತೆ ಬಿಟ್ಮೇಲೆ ಹೋಗು ಅಂತ್ರು!"

ನಾನು ಕೂಡಲೇ ಉಸ್ಮಾನ್ ಭಾಯಿಗೆ ಫೋನು ಮಾಡಿದೆ. ಪಾವಲು ಅವರಲ್ಲಿಗೂ ಹೋಗಿ ಬಂದಿದ್ದರು. ಆದರೆ ಆ ವ್ಯಾನಿನ ಗಾಜು ಅವರಲ್ಲಿ ಇರಲಿಲ್ಲ. ಹೊಸ ಗಾಜು ತರಿಸುವುದನ್ನೇ ಅವರು ನಿಲ್ಲಿಸಿದ್ದರು. ನಮ್ಮಲ್ಲಿ ಒಂದಿತ್ತು.

ನಮ್ಮವರು ಒಂದು ನಿಮಿಷ ಯೋಚಿಸಿದರು. "ರೈಲು ಓಡ್ತದೆ ಅಲ್ದ?" ಎಂದರು.

ಗಾಜನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿ, ರಿಕ್ಷಾದಲ್ಲಿ ಸ್ಟೇಷನ್ನಿಗೆ ಒಯ್ದೆವು. ಪ್ಯಾಸೆಂಜರ್ ರೈಲಿನಲ್ಲಿ ಜನ ಕಿಕ್ಕಿರಿದಿದ್ದರು, ರಸ್ತೆ ಬಂದಾದ್ದರಿಂದ ಎಲ್ಲರೂ ರೈಲಿಗೇ ಬಂದಿದ್ದರು. ಮೀನು ಬುಟ್ಟಿಯ ಹೆಂಗಸರು ಬಾಗಿಲ ಹತ್ತಿರ ಕೂತಿದ್ದರು. "ಎಂತದು ಅದು, ದೇವ್ರಾ?" ಎಂದು ಒಬ್ಬಳು ಕೇಳಿದಳು. ಆಂಬ್ಯುಲೆನ್ಸಿನ ಗಾಜು ಎಂದೆ. ಅವಳು ಎದ್ದು, ಬುಟ್ಟಿಗಳನ್ನೆಲ್ಲ ಒಂದರ ಮೇಲೊಂದು ಇಡಿಸಿ ಜಾಗ ಮಾಡಿಸಿದಳು. ನಾವಿಬ್ಬರೂ ಗಾಜನ್ನು ನಡುವೆ ನಿಲ್ಲಿಸಿಕೊಂಡು ಎರಡೂ ಕಡೆಯಿಂದ ಹಿಡಿದುಕೊಂಡೆವು. ಸೇತುವೆಯ ಮೇಲೆ ರೈಲು ನಡುಗಿದಾಗ ಗಾಜೂ ನಡುಗಿ, ಆ ನಡುಕ ನನ್ನ ಅಂಗೈಗೆ ಬರುತ್ತಿತ್ತು. ಮಂಕಿ ದಾಟಿದ ಮೇಲೆ ನಮ್ಮವರು, "ಈದಿಲ್ದೇ ಇದ್ರೂ ಭಟ್ಕಳಕ್ಕೆ ಹೋದಾಂಗಾತು" ಎಂದರು. ಬಹಳ ದಿನಗಳ ಮೇಲೆ ಅವರ ಮುಖದಲ್ಲಿ ಗೆಲುವು ಕಂಡಿತು.

ಭಟ್ಕಳ ಸ್ಟೇಷನ್ನಿನಲ್ಲಿ ಉಸ್ಮಾನ್ ಭಾಯಿ ಗೂಡ್ಸ್ ರಿಕ್ಷಾ ತಂದು ಕಾಯುತ್ತಿದ್ದರು. ತೆಳ್ಳಗಾಗಿದ್ದರು. ಗಾಜನ್ನು ಇಳಿಸಿಕೊಂಡು, "ಭಾಬಿ, ನಿಮ್ಮ ಕೈ ಕೊಯ್ದಿಲ್ಲಲ್ಲ?" ಎಂದು ಮೊದಲು ಕೇಳಿದರು.

ಪಾವಲು ಮಳೆಯಲ್ಲಿ ನೆನೆದುಕೊಂಡೇ ಮೆಲ್ಲಗೆ ಹೊಡೆದುಕೊಂಡು ತಂದ ವ್ಯಾನು ಅವರ ಶೆಡ್ಡಿನಲ್ಲಿ ನಿಂತಿತ್ತು. ಆ ವ್ಯಾನಿನ ಗಾಜಿಗೆ ಗೋಂದು ಹಚ್ಚುವುದಿಲ್ಲ, ಸುತ್ತ ರಬ್ಬರಿನ ಪಟ್ಟಿ. ಅದನ್ನು ಕೂರಿಸುವುದು ಇಬ್ಬರ ಕೆಲಸ. ರಬ್ಬರಿನ ಸಂದಿಯಲ್ಲಿ ಸುತ್ತಲೂ ಹಗ್ಗ ತೂರಿಸಿ, ಸಾಬೂನು ನೀರು ಸವರಿ, ಒಬ್ಬ ಒಳಗೆ ಕೂತು ಹಗ್ಗ ಎಳೆಯುತ್ತಾ ಬರಬೇಕು; ಹಗ್ಗ ಎಲ್ಲಿ ಬರುತ್ತದೋ ಅಲ್ಲಿ ಇನ್ನೊಬ್ಬ ಹೊರಗಿನಿಂದ ಅಂಗೈಯಲ್ಲಿ ಒತ್ತಬೇಕು. ನಮ್ಮವರು ಒಳಗೆ ಹೋದರು. ಉಸ್ಮಾನ್ ಭಾಯಿ ಹೊರಗೆ ನಿಂತರು. ಗಾಜಿನ ಆಚೆ ಈಚೆ ಒಬ್ಬರ ಮುಖ ಒಬ್ಬರು ನೋಡುತ್ತಾ, ಹಗ್ಗದ ಜೊತೆ ಕೈ ಸರಿಸುತ್ತಾ ಹೋದರು. ಹುಬ್ಬಳ್ಳಿಯ ಆ ಹಳೆಯ ದಿನಗಳಲ್ಲಿ ಇವರು ಹೀಗೇ ಇದ್ದಿರಬೇಕು ಅಂದುಕೊಂಡೆ. ಗಾಜು ಪಟ್ ಎಂದು ಕೂತಾಗ ಇಬ್ಬರೂ ಒಟ್ಟಿಗೇ ನಕ್ಕರು.

ಮಾರನೆಯ ದಿನದ ಚಿಂತೆ ಕಳೆದ ಪಾವಲು, "ಯೇಸು ನಿಮ್ಗೆ ಒಳ್ಳೇದು ಮಾಡ್ಲಿ" ಎಂದು ಗಾಡಿ ಹೊಡೆದುಕೊಂಡು ಹೋದರು. ಶಮೀಮಾ ನಮಗೆ ಊಟ ಬಡಿಸಿದಳು. ಊಟದ ಮೇಲೆ ಕಂಪನಿಯ ಮಾತು ಬಂತು. ಅಲ್ಲಿ ತೆಗೆದ ಫೋಟೋ ಆ್ಯಪಿನಲ್ಲಿ ಹೋಗುವಂತಿರಲಿಲ್ಲ. ಪಾಟೀಲರಿಗೆ ಫೋನು ಮಾಡಿದೆ. ಅವರು ದನಿ ತಗ್ಗಿಸಿ ಹೇಳಿದರು: "ರಸ್ತಾ ಬಿಟ್ಟ ಮ್ಯಾಲೆ ಗಾಡಿ ನಿಮ್ಮ ಅಂಗಡಿಗೆ ಬರಲ್ರಿ. ಅಲ್ಲೇ ಹಾಕಿದಂಗ ಫೋಟೋ ತಗದು ಕಳಿಸಿಬಿಡ್ರಿ. ನಾ ಏನೂ ಕೇಳೂದಿಲ್ಲ."

ಉಸ್ಮಾನ್ ಭಾಯಿಗೂ ಅದೇ ಸರಿಯೆನಿಸಿತು. "ಹಾಂಗೇ ಮಾಡಿ ಭಾಬಿ. ಪಾವಲುದು ಕ್ಲೇಮು ಬಿದ್ದುಹೋಗೂದು ಬೇಡ."

"ಆದ್ರೆ ಕೆಲ್ಸ ನೀವು ಮಾಡಿದ್ದು," ಎಂದೆ. "ನಿಮ್ಮ ಶೆಡ್ಡಲ್ಲಿ ಆದದ್ದು. ಅದನ್ನೇ ಬರ್ದು ಕಳಿಸ್ತೆ. ಇಂಥ ಹೊತ್ತಲ್ಲಿ ಇಲ್ಲೂ ಒಂದು ಅಂಗಡಿ ಬೇಕು ಅಂತ ಅವ್ರಿಗೂ ಗೊತ್ತಾಗ್ಲಿ."

"ಬೇಡ ಭಾಬಿ. ಬರೀಬೇಡಿ. ಕಂಪನಿಯವ್ರಿಗೆ ನಾವು ಎಷ್ಟು ಕಾಣಿಸ್ಕೊಳ್ತೇವೋ ಅಷ್ಟು ತ್ರಾಸು."

ನಮ್ಮವರೂ ಬೇಡವೆಂದರು. ಆದರೆ ವಾಪಸು ರೈಲಿನಲ್ಲಿ ಬರುವಾಗ ನನಗೆ ಅದೊಂದೇ ಯೋಚನೆ. ಎಷ್ಟು ದಿನದಿಂದ ಎದೆಯ ಮೇಲಿದ್ದ ಭಾರವನ್ನು ಇಳಿಸಲು ಈಗೊಂದು ದಾರಿ ಸಿಕ್ಕಿದೆ ಅನ್ನಿಸಿತು. ಮಾರನೆಯ ಬೆಳಿಗ್ಗೆ, ನಮ್ಮವರು ಅಂಗಡಿಗೆ ಬರುವ ಮೊದಲು, ಪಾಟೀಲರ ಮೇಲಿನವರಿಗೇ ಮೇಲ್ ಬರೆದೆ. ಗುಡ್ಡ ಕುಸಿದದ್ದು, ರೈಲಿನಲ್ಲಿ ಗಾಜು ಒಯ್ದದ್ದು, ಭಟ್ಕಳದಲ್ಲಿ ಉಸ್ಮಾನ್ ಅವರು ತಮ್ಮ ಶೆಡ್ಡಿನಲ್ಲಿ ಜೊತೆಗೆ ನಿಂತು ಕೂರಿಸಿದ್ದು, ಅವರಂಥ ಕೆಲಸಗಾರರನ್ನು ಕಂಪನಿ ಸೇರಿಸಿಕೊಳ್ಳಬೇಕಾದದ್ದು, ಎಲ್ಲ. ಶೆಡ್ಡಿನ ಫೋಟೋ, ಅಂಗಡಿಯ ಹೆಸರು, ಒಂದನ್ನೂ ಬಿಡಲಿಲ್ಲ. ಕಳಿಸಿದ ಮೇಲೆ ಮನಸ್ಸು ಹಗುರಾಯಿತು. ಎಷ್ಟು ಹಗುರಾಯಿತೆಂದರೆ ಅವತ್ತು ದಾರಿಯಲ್ಲಿ ಹೂವು ಕೊಂಡು ಮುಡಿದುಕೊಂಡೆ.

ಉತ್ತರ ಬರಲು ತುಂಬ ದಿನ ಹಿಡಿಯಲಿಲ್ಲ. ಅನುಮತಿಯಿಲ್ಲದ ಜಾಗದಲ್ಲಿ, ಅನುಮತಿಯಿಲ್ಲದವರಿಂದ ಕೆಲಸ ಮಾಡಿಸಿದ್ದರಿಂದ ಪಾವಲುವಿನ ಕ್ಲೇಮು ಕೊಡಲಾಗದು ಎಂದಿತ್ತು. ಇನ್ನೊಮ್ಮೆ ಹೀಗಾದರೆ ನಿಮ್ಮನ್ನೂ ತೆಗೆಯುತ್ತೇವೆ ಎಂದು ನಮಗೂ ಎಚ್ಚರಿಕೆ. ಪಾವಲುವಿನಿಂದ ಗಾಜಿನ ದುಡ್ಡು ತೆಗೆದುಕೊಳ್ಳಬೇಡ ಎಂದರು ನಮ್ಮವರು. ಇಷ್ಟಕ್ಕೇ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಭಟ್ಕಳದಲ್ಲಿ ಇನ್ನೂ ಕೆಲವರು ಮೊದಲಿನಂತೆ ಉಸ್ಮಾನ್ ಭಾಯಿಯ ಹತ್ತಿರವೇ ದುಡ್ಡು ಕೊಟ್ಟು ಗಾಜು ಹಾಕಿಸಿ, ಅವರ ಬಿಲ್ಲನ್ನು ಕಂಪನಿಗೆ ಕಳಿಸಿ ವಾಪಸು ಪಡೆಯುತ್ತಿದ್ದರು. ಹಳೆಯ ಪರಿಚಯದವರು, ಹೊನ್ನಾವರದವರೆಗೆ ಬರಲು ಮನಸ್ಸಿಲ್ಲದವರು. ಆ ಬಿಲ್ಲುಗಳು ಈಗ ಒಂದೊಂದಾಗಿ ವಾಪಸು ಬಂದವು. ನನ್ನ ಮೇಲ್ ಓದಿದ ಯಾರೋ, ಈ ಹೆಸರಿನ ಅಂಗಡಿ ನಮ್ಮ ಪಟ್ಟಿಯವರ ಕೆಲಸವನ್ನು ಒಳಗಿಂದೊಳಗೆ ಮಾಡುತ್ತಿದೆ, ಇದರ ಬಿಲ್ಲು ಒಪ್ಪಬೇಡಿ ಎಂದು ಎಲ್ಲ ಕಡೆ ಹೇಳಿಬಿಟ್ಟಿದ್ದರು. ಪಾಟೀಲರೇ ಇದನ್ನು ನನಗೆ ತಿಳಿಸಿದ್ದು. "ನಾ ಹೇಳಿದಂಗ ಮಾಡಿದ್ರ ಯಾರಿಗೂ ಏನೂ ಆಗ್ತಿರ್ಲಿಲ್ರಿ ಮೇಡಂ," ಎಂದರು. ಸಿಟ್ಟಿರಲಿಲ್ಲ ಅವರ ಮಾತಿನಲ್ಲಿ, ಮರುಕ ಇತ್ತು. ಅವರಿಗೂ ಕೆಳಗಿನ ಕೆಲಸ. ಮೇಲಿನವರ ಹತ್ತಿರ ಈ ವಿಷಯಕ್ಕೆ ಅವರೂ ಬೈಸಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ಮತ್ತೆ ಮೇಲ್ ಬರೆದೆ. ತಪ್ಪು ನನ್ನದು, ಅವರದಲ್ಲ ಎಂದು. ಯಾರೂ ಉತ್ತರಿಸಲಿಲ್ಲ.

ನಮ್ಮವರು ಅಂದು ಸಂಜೆ ಅಂಗಡಿಯ ಬಾಗಿಲಲ್ಲಿ ನಿಂತು, "ಬಿಟ್ಬಿಡುವಾ ಈ ಕಂಪನಿ ಸವಾಸ" ಎಂದರು. ಆಮೇಲೆ ತಾವೇ, "ನಾವು ಬಿಟ್ರೆ ಉಸ್ಮಾನಂಗೆ ಬತ್ತದಾ? ಬರೂದಿಲ್ಲ. ಮಂಗ್ಳೂರವ್ರು ಯಾರೋ ಬತ್ರು" ಎಂದರು. ಅದು ನಿಜ. ನಿಜವೇ ಆದರೂ ನಮಗೆ ಅನುಕೂಲವಾದ ನಿಜ. ನಾವು ಬಿಡಲಿಲ್ಲ.

ಆ ಸಲದ ಚೌತಿಗೆ ಉಸ್ಮಾನ್ ಭಾಯಿಯ ಮನೆಯವರು ಬರಲಿಲ್ಲ. ಬಸ್ ಕಂಡಕ್ಟರನ ಕೈಯಲ್ಲಿ ಮಿಠಾಯಿ ಡಬ್ಬಿ ಕಳಿಸಿದ್ದರು. ಕಾಯಿಕಡುಬು ಮಧ್ಯಾಹ್ನದವರೆಗೂ ಹಾಗೇ ಇತ್ತು. ಅತ್ತೆ, "ಭಟ್ಕಳದವ್ರು ಬರ್ಲಿಲ್ಲಲ್ಲ, ಹುಷಾರಿಲ್ವಾ?" ಎಂದು ಕೇಳಿದರು. ಮಳೆ ಹೆಚ್ಚು ಎಂದು ಹೇಳಿದೆ. ಅಂದು ಮಳೆಯೇ ಇರಲಿಲ್ಲ.

ನವರಾತ್ರಿ ಕಳೆದು, ಮಳೆ ಹಿಂದೆ ಸರಿದ ಮೇಲೆ ಒಂದು ಮಧ್ಯಾಹ್ನ ಉಸ್ಮಾನ್ ಭಾಯಿ ಅಂಗಡಿಗೆ ಬಂದರು. ಗೂಡ್ಸ್ ರಿಕ್ಷಾದಲ್ಲಿ ಅವರಲ್ಲಿ ಉಳಿದಿದ್ದ ಕಾರಿನ ಗಾಜುಗಳು. ಕಾರಿನ ಕೆಲಸ ಬಿಡುತ್ತೇನೆ, ಮನೆಯ ಕಿಟಕಿ, ಅಂಗಡಿಯ ಬಾಗಿಲು, ಕನ್ನಡಿ ಮಾಡುತ್ತೇನೆ, ಇವು ನನ್ನಲ್ಲಿ ಸುಮ್ಮನೆ ಬಿದ್ದಿರುತ್ತವೆ, ನೀನು ಇಟ್ಟುಕೋ ಎಂದು ನಮ್ಮವರಿಗೆ ಹೇಳಿದರು. ನಮ್ಮವರು ಬೇಡವೆಂದರು. ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದರು. ಕೊನೆಗೆ ನಮ್ಮವರು ಮಾತು ನಿಲ್ಲಿಸಿ ಗಾಜುಗಳನ್ನು ಒಂದೊಂದಾಗಿ ಇಳಿಸತೊಡಗಿದರು.

ನಾನು ಚಹಾ ತಂದುಕೊಟ್ಟೆ. ಬೈಯಲಿ, ಬೈದರೆ ಸಾಕು ಅಂದುಕೊಂಡಿದ್ದೆ.

"ಉಸ್ಮಾನ್ ಭಾಯಿ, ನಾನು ಸುಳ್ಳು ಬರೀಲಿಲ್ಲ. ಇದ್ದದ್ದೇ ಬರ್ದೆ. ನಿಮ್ಗೆ ಒಳ್ಳೇದಾಗ್ಲಿ ಅಂತ," ಎಂದೆ.

ಅವರು ಲೋಟಕ್ಕೆ ಬಾಯಿ ಇಟ್ಟು, ತೆಗೆದು, ಮೆಲ್ಲಗೆ ಹೇಳಿದರು. "ಗೊತ್ತದೆ ಭಾಬಿ. ನೀವು ಸುಳ್ಳು ಹೇಳುವವ್ರಲ್ಲ. ಆದ್ರೆ ನಾ ಬೇಡ ಅಂದಿದ್ದೆ ಅಲ್ದ? ಹೆಸ್ರು ನಂದು. ನನ್ನ ಹತ್ರ ಒಂದು ಮಾತು ಕೇಳಿ ಬರ್ದಿದ್ರೆ ಆಗ್ತಿತ್ತು."

ಯಾಕೆ ಕೇಳಲಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಕೇಳಿದ್ದರೆ ಅವರು ಮತ್ತೆ ಬೇಡವೆನ್ನುತ್ತಿದ್ದರು, ನನ್ನ ಎದೆಯ ಭಾರ ಹಾಗೇ ಉಳಿಯುತ್ತಿತ್ತು. ಅದು ಇಳಿಯಲಿ ಎಂದೇ ಕೇಳದೆ ಬರೆದೆ. ಅವರಿಗೆ ಒಳ್ಳೆಯದಾಗಲಿ ಎಂಬುದು ಅದರ ಜೊತೆಗಿದ್ದದ್ದು, ಮೊದಲಿಗಿದ್ದದ್ದಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನ್ನಿಂದಾಗಲಿಲ್ಲ. ಅವರು ಚಹಾ ಮುಗಿಸಿ, ಲೋಟವನ್ನು ತಾವೇ ತೊಳೆದಿಟ್ಟು ಹೊರಟರು.

ಮುಂದಿನ ವರ್ಷ ಮಳೆಗಾಲ ಬರುವ ಮೊದಲೇ ಕಂಪನಿ ನಮ್ಮನ್ನೂ ಬಿಟ್ಟಿತು. ಮಂಗಳೂರಿನ ಕಡೆಯ ದೊಡ್ಡ ಸಂಸ್ಥೆಯೊಂದು ವ್ಯಾನು ಇಟ್ಟುಕೊಂಡು ಇಡೀ ಕರಾವಳಿಯ ಕೆಲಸ ಹಿಡಿದಿತ್ತು. ಪಾಟೀಲರಿಗೂ ಬೇರೆ ಊರಿಗೆ ವರ್ಗವಾಗಿತ್ತು. ನಮಗೆ ಎರಡು ಸಾಲಿನ ಮೇಲ್ ಬಂತು. ಅದನ್ನು ಓದಿದಾಗ ಮೊದಲು ಆದದ್ದು ಸಮಾಧಾನ. ನಾಳೆ ಹೇಗೆ ಎನ್ನುವುದು ಹೊಳೆದದ್ದು ಆಮೇಲೆ. ಈಗ ನಮ್ಮವರು ಬಸ್ಸು, ಲಾರಿ, ಜೆಸಿಬಿ, ಮೀನು ದೋಣಿಯ ಕ್ಯಾಬಿನ್ನು, ಹೀಗೆ ಯಾವ ಕಂಪನಿಯೂ ಕಣ್ಣೆತ್ತಿ ನೋಡದ ಗಾಜುಗಳನ್ನು ಕೂರಿಸುತ್ತಾರೆ. ಹೊಟ್ಟೆಗೆ ಕಮ್ಮಿಯಿಲ್ಲ. ಉಸ್ಮಾನ್ ಭಾಯಿಯ ಕಿಟಕಿ, ಬಾಗಿಲುಗಳ ಕೆಲಸವೂ ಅಡ್ಡಿಲ್ಲ, ನಡೆಯುತ್ತಿದೆ ಎನ್ನುತ್ತಾರೆ ನಮ್ಮವರು.

ಕಂಪನಿ ಬಿಟ್ಟ ಸುದ್ದಿ ಹೇಳಲು ಅಂದು ಸಂಜೆ ನಮ್ಮವರು ಅವರಿಗೆ ಫೋನು ಮಾಡಿದ್ದರು. ಜಗಲಿಯಲ್ಲಿ ಕೂತು ತುಂಬ ಹೊತ್ತು ಮಾತಾಡಿದರು. ನಡುನಡುವೆ ನಗು ಕೇಳುತ್ತಿತ್ತು. ಕೊನೆಗೆ ಒಳಗೆ ಬಂದು ಫೋನು ನನ್ನ ಕೈಗೆ ಕೊಟ್ಟರು. "ತಕ, ಮಾತಾಡ್ಬೇಕಂತೆ."

"ಭಾಬಿ, ಹೆಂಗಿದ್ದೀರಿ?" ಎಂದರು ಉಸ್ಮಾನ್ ಭಾಯಿ. "ನಿಮ್ದೂ ಹೋಯ್ತಂತಲ್ಲ. ಚಿಂತೆ ಮಾಡ್ಬೇಡಿ. ಗಣಪತಿ ಕೈಯಲ್ಲಿ ಕೆಲ್ಸ ಅದೆ."

ಅಂದು ಅಂಗಡಿಯಲ್ಲಿ ನುಂಗಿಕೊಂಡಿದ್ದ ಮಾತು ಆಗ ಬಾಯಿಗೆ ಬಂತು. "ಉಸ್ಮಾನ್ ಭಾಯಿ, ನಾನು ಅದನ್ನ ಬರ್ದದ್ದು ನಿಮ್ಗೋಸ್ಕರ ಅಲ್ಲ. ನಂಗೋಸ್ಕರ. ನನ್ನಿಂದ ನಿಮ್ಮ ಅಂಗಡಿ ಹೋಯ್ತು."

ಆ ಕಡೆ ಶಮೀಮಾ ದೂರದಲ್ಲಿ ಯಾರನ್ನೋ ಊಟಕ್ಕೆ ಕರೆಯುವುದು ಕೇಳಿತು.

"ಆತು ಬಿಡಿ ಭಾಬಿ," ಎಂದರು.

ನಮ್ಮ ಕಡೆ ಆತು ಎಂದರೆ ಸರಿ, ಇನ್ನು ಮನಸ್ಸಿನಲ್ಲಿ ಏನೂ ಇಲ್ಲ ಎಂದೂ ಆಗುತ್ತದೆ. ಆಗಿಹೋಯಿತು, ಇನ್ನು ಸರಿಮಾಡಲು ಬರುವುದಿಲ್ಲ ಎಂದೂ ಆಗುತ್ತದೆ. ಅವರು ಯಾವುದನ್ನು ಹೇಳಿದರು ಎಂದು ಕೇಳುವ ಧೈರ್ಯ ನನಗೆ ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ.